ಖಾಲಿ ಲೇಬಲ್ಲಿನ ರೆಗ್ಗೆ ರೆಕಾರ್ಡು ನಕಲಿಯೇ?

ಪ್ರಶ್ನೆ: ಲಂಡನ್ನಿನಲ್ಲಿ ನೆಲೆಸಿರುವ ನನ್ನ ಚಿಕ್ಕಪ್ಪನವರು ಜಮೈಕಾದಲ್ಲಿ ತಯಾರಾದ ಆರು ಹಳೆಯ ರೆಗ್ಗೆ (ಅಲ್ಲಿನ ಜನಪ್ರಿಯ ಸಂಗೀತ ಪ್ರಕಾರ) ರೆಕಾರ್ಡುಗಳನ್ನು ಕೊಟ್ಟಿದ್ದಾರೆ. ಎಲ್ಲವೂ ಏಳು ಅಂಗುಲದವು, ನಡುವಿನ ತೂತು ದೊಡ್ಡದು. ಒಂದರ ಲೇಬಲ್ ಖಾಲಿಯಾಗಿದ್ದು, ಅದರ ಹಿಂಬದಿಯಲ್ಲಿ ಅದೇ ಹಾಡು ಗಾಯಕರ ದನಿಯಿಲ್ಲದೆ ಕೇಳಿಸುತ್ತದೆ. ಎಷ್ಟು ಒರೆಸಿದರೂ ಚರಚರ ಸದ್ದು ಹೋಗುತ್ತಿಲ್ಲ. ಇವು ನಕಲಿಯೇ?
– ಓದುಗರು, ಮೈಸೂರು

ಉತ್ತರ: ನೀವು ಹೇಳಿದ ಲಕ್ಷಣಗಳಲ್ಲಿ ಯಾವುದೂ ನಕಲಿಯ ಗುರುತಲ್ಲ. ಜಮೈಕಾದಲ್ಲಿ ಹೊಸ ಹಾಡಿನ ಮೊದಲ ಪ್ರತಿಗಳು ಲೇಬಲ್ ಅಚ್ಚಾಗುವ ಮೊದಲೇ ಮಾರಾಟಕ್ಕೆ ಬರುವುದಿತ್ತು. ಅಂಥವನ್ನು ಸಂಗ್ರಾಹಕರು ಇಂದಿಗೂ ವಿಶೇಷವಾಗಿ ಹುಡುಕುತ್ತಾರೆ. ದೊಡ್ಡ ತೂತಿಗೆ, ಅದರೊಳಗೆ ಕೂರಿಸುವ ಅಗ್ಗದ ಅಡಾಪ್ಟರ್ ಸಾಕು.

ದನಿಯಿಲ್ಲದ ಹಿಂಬದಿಯನ್ನು ದಯವಿಟ್ಟು ಕಡೆಗಣಿಸಬೇಡಿ, ಏಕೆಂದರೆ ನನ್ನ ಮಟ್ಟಿಗೆ ಈ ಸಂಗ್ರಹದ ಜೀವ ಅಲ್ಲಿಯೇ ಇದೆ. ಅದನ್ನು ‘ವರ್ಷನ್’ ಎನ್ನುತ್ತಾರೆ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ ದೊಡ್ಡ ಧ್ವನಿವರ್ಧಕಗಳನ್ನು ಹೂಡಿ ಕುಣಿತ ನಡೆಸುತ್ತಿದ್ದ ‘ಸೌಂಡ್ ಸಿಸ್ಟಮ್’ಗಳಲ್ಲಿ, 1960ರ ದಶಕದ ಕೊನೆಯ ಹೊತ್ತಿಗೆ, ಗಾಯನ ತೆಗೆದ ವಾದ್ಯಭಾಗವನ್ನು ನುಡಿಸಿ ಅದರ ಮೇಲೆ ಮೈಕು ಹಿಡಿದವರು ಲಯಬದ್ಧವಾಗಿ ಮಾತು ಪೋಣಿಸುವ ರೂಢಿ ಬೆಳೆಯಿತು. ಡ್ಯೂಕ್ ರೀಡ್ ಅವರ ಟ್ರೆಷರ್ ಐಲ್ ರೆಕಾರ್ಡು ಸಂಸ್ಥೆಯ ಹಾಡುಗಳ ಮೇಲೆ ಯು-ರಾಯ್ ಹೀಗೆ ನುಡಿದ ರೆಕಾರ್ಡುಗಳು 1970ರಲ್ಲಿ ಅಪಾರ ಜನಪ್ರಿಯವಾದವು; ಮೂಲತಃ ವಿದ್ಯುತ್ ಉಪಕರಣಗಳ ತಂತ್ರಜ್ಞರಾಗಿದ್ದ ಕಿಂಗ್ ಟಬ್ಬಿ ಅದೇ ವಾದ್ಯಭಾಗವನ್ನು ಪ್ರತಿಧ್ವನಿಯಿಂದ ತಿದ್ದಿ ‘ಡಬ್’ ಎಂಬ ಪ್ರಕಾರವನ್ನೇ ಬೆಳೆಸಿದರು.

ರೆಕಾರ್ಡಿನ ಹಾಡು ಯಾವುದೆಂದು ತಿಳಿಯಲು, ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ಉಳಿಯುವ ನುಣುಪು ಜಾಗದಲ್ಲಿ ಕೊರೆದಿರುವ ಸಂಖ್ಯೆಯನ್ನು ಓರೆ ಬೆಳಕಿನಲ್ಲಿ ಓದಿರಿ. ಆ ಸಂಖ್ಯೆಯಿಂದ ಹಾಡನ್ನು ಗುರುತಿಸಬಹುದು, ಆದರೆ ಮುದ್ರಣದ ವರ್ಷವನ್ನು ಅದರಿಂದಲೇ ನಿರ್ಧರಿಸಲಾಗದು: ಕಾಕ್ಸನ್ ಡಾಡ್ ಅವರ ಸ್ಟುಡಿಯೋ ಒನ್‌ನಂಥ ಸಂಸ್ಥೆಗಳ ರೆಕಾರ್ಡುಗಳು ಹಳೆಯ ಅಚ್ಚುಗಳಿಂದಲೇ ಎಷ್ಟೋ ವರ್ಷಗಳ ನಂತರವೂ ಮರುಮುದ್ರಣಗೊಂಡಿವೆ.

ಸದ್ದಿನ ಒಂದು ಭಾಗ ಹುಟ್ಟಿನಿಂದಲೇ ಬಂದದ್ದು. ಹಳೆಯ ತಟ್ಟೆಗಳನ್ನು ಕರಗಿಸಿ ಪಡೆದ ವಿನೈಲನ್ನು ಅಲ್ಲಿ ಮತ್ತೆ ಬಳಸುತ್ತಿದ್ದುದರಿಂದ ಅದು ಎಷ್ಟು ತೊಳೆದರೂ ಹೋಗದು. ಉಳಿದ ಕೊಳೆಯನ್ನು ಬಟ್ಟಿ ಇಳಿಸಿದ ನೀರಿಗೆ ಒಂದು ಹನಿ ಸೌಮ್ಯ ಸಾಬೂನು ಬೆರೆಸಿ, ಲೇಬಲ್ ನೆನೆಯದಂತೆ, ಮೃದು ಬ್ರಷ್ಷಿನಿಂದ ಗೆರೆಗಳ ದಿಕ್ಕಿನಲ್ಲೇ ತೆಗೆಯಿರಿ. ಮುಳ್ಳು ಜಾರುತ್ತದೆಂದು ಅದರ ತಲೆಯ ಮೇಲೆ ನಾಣ್ಯ ಇಡುವ ನಮ್ಮ ಮನೆಗಳ ಹಳೆಯ ಅಭ್ಯಾಸ ಬೇಡ, ಗೆರೆಗಳು ಸವೆಯುತ್ತವೆ. ಖಾಲಿ ಲೇಬಲ್ಲಿನ ಮೇಲೆ ಏನನ್ನೂ ಬರೆಯಬೇಡಿ. ಹಾಡಿನ ಹೆಸರು ತಿಳಿದಾಗ, ತಟ್ಟೆಯನ್ನು ಹೊರತೆಗೆದಿಟ್ಟು, ಕಾಗದದ ಹೊದಿಕೆಯ ಮೇಲೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿಕೊಳ್ಳಿ.