ಬಯೋಇನ್ಫರ್ಮ್ಯಾಟಿಕ್ಸ್ ಪದವಿಗೆ ಬಯಾಲಜಿ ಎಷ್ಟು, ಕಂಪ್ಯೂಟರ್ ಎಷ್ಟು?

ಬಯೋಇನ್ಫರ್ಮ್ಯಾಟಿಕ್ಸ್ ಅಂದರೆ ಡಿಎನ್‌ಎಯಂಥ ಜೀವಿಗಳ ಡೇಟಾವನ್ನು ಕಂಪ್ಯೂಟರಿನಲ್ಲಿ ಓದುವ ವಿದ್ಯೆ. ಅದಕ್ಕೆ ಶಿವಮೊಗ್ಗದ ನಿಮ್ಮ ಕಾಲೇಜಿನ ಸಿಲಬಸ್‌ನಲ್ಲಿ ಬಯಾಲಜಿ ಅರ್ಧ, ಕಂಪ್ಯೂಟರ್ ಅರ್ಧ ಇಟ್ಟರೆ ಸಾಕಾ ಅಂತ ಕೇಳಿದ್ದೀರಿ. ಆ ಅರ್ಧ-ಅರ್ಧದ ಲೆಕ್ಕದಲ್ಲೇ ನಾವು ಕೆಟ್ಟಿದ್ದು ಸರ್.

ಇದೇ ಜಿಲ್ಲೆಯ ಒಂದು ಕಾಲೇಜಿನ ಸಿಲಬಸ್ ಕಮಿಟಿಯಲ್ಲಿ ನಾನಿದ್ದೆ. ಪೇಪರುಗಳನ್ನು ಎರಡು ಡಿಪಾರ್ಟ್‌ಮೆಂಟಿಗೆ ಸಮನಾಗಿ ಹಂಚಿದೆವು. ವರ್ಕ್‌ಲೋಡ್ ಜಗಳ ಮುಗಿಯಿತು ಅಂತ ಎಲ್ಲರಿಗೂ ಖುಷಿ. ಕಂಪ್ಯೂಟರಿನವರು ಸಿ ಭಾಷೆಯಲ್ಲಿ ಬ್ಯಾಂಕ್ ಖಾತೆ, ಮಾರ್ಕ್ಸ್ ಕಾರ್ಡ್ ಪ್ರೋಗ್ರಾಮ್ ಬರೆಸಿದರು. ಬಯಾಲಜಿಯವರು ಬೋರ್ಡ್ ಮೇಲೆ ಡಿಎನ್‌ಎ ಬಿಡಿಸಿದರು. ಪಾಠ ಎರಡೂ ಚೆನ್ನಾಗಿಯೇ ನಡೆದವು. ಆದರೆ ಒಂದು ಸೀಕ್ವೆನ್ಸ್ ಫೈಲನ್ನು, ಅಂದರೆ ಡಿಎನ್‌ಎ ಅಕ್ಷರಗಳನ್ನು ಸಾಲಾಗಿ ಬರೆದಿಟ್ಟ ಫೈಲನ್ನು, ಮಕ್ಕಳ ಕೈಗೆ ಕೊಟ್ಟವರು ಯಾರೂ ಇಲ್ಲ.

ಕೊನೇ ವರ್ಷದ ಪ್ರಾಜೆಕ್ಟಿಗೆ ಮಂಗನ ಕಾಯಿಲೆಯ ವೈರಸ್ ಕೊಟ್ಟೆ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಮೊದಲು ಕಂಡಿದ್ದು. ಅದರ ಜೀನೋಮ್, ಅಂದರೆ ಇಡೀ ಅನುವಂಶಿಕ ಬರಹ, ಸುಮಾರು 10,800 ಅಕ್ಷರ ಅಷ್ಟೆ, ಎಂಥ ಹಳೇ ಲ್ಯಾಪ್‌ಟಾಪಿಗೂ ಸಾಕು. ಆರ್‌ಎನ್‌ಎ ವೈರಸ್ ಅಲ್ವಾ, ಡಿಎನ್‌ಎಯ 'ಟಿ' ಅಕ್ಷರದ ಜಾಗದಲ್ಲಿ ಆರ್‌ಎನ್‌ಎಯಲ್ಲಿ 'ಯು' ಇರುತ್ತೆ ಅಂತ ಚೆನ್ನಾಗಿ ಓದುವ ಹುಡುಗಿಯೊಬ್ಬಳು 'ಯು' ಎಷ್ಟಿದೆ ಅಂತ ಎಣಿಸಿದಳು. ಸೊನ್ನೆ ಬಂತು. ಪ್ರೋಗ್ರಾಮಿನಲ್ಲೇ ತಪ್ಪಿದೆ ಅಂದುಕೊಂಡು ದಿನಗಟ್ಟಲೆ ಅದನ್ನೇ ತಿದ್ದಿದಳು. ಸೀಕ್ವೆನ್ಸುಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕಿನಲ್ಲಿ ಆರ್‌ಎನ್‌ಎ ಸೀಕ್ವೆನ್ಸಿನಲ್ಲೂ 'ಯು' ಜಾಗದಲ್ಲಿ 'ಟಿ' ಅಂತಲೇ ಇರುತ್ತೆ. ಫೈಲ್ ತೆರೆದಿದ್ದರೆ ಎರಡನೇ ಸಾಲಿಗೇ ಗೊತ್ತಾಗುತ್ತಿತ್ತು. ತೆರೆದು ನೋಡು ಅಂತ ಯಾವ ಪೇಪರಿನಲ್ಲೂ ನಾವು ಹೇಳಿರಲಿಲ್ಲ. ಇನ್ನು ಕೆಲವರು ಮೊದಲ ಸಾಲಿನಲ್ಲಿದ್ದ ವೈರಸ್ಸಿನ ಹೆಸರಿನ ಅಕ್ಷರಗಳನ್ನೂ ಸೇರಿಸಿ ಎಣಿಸಿದ್ದರು. ಅವರದ್ದು ಇನ್ನೂ ಅಪಾಯ. ಸೊನ್ನೆ ಬಂದರೆ ಅನುಮಾನ ಬರುತ್ತೆ, ಸ್ವಲ್ಪ ತಪ್ಪಿದ ಉತ್ತರವನ್ನು ಯಾರು ಕೇಳುತ್ತಾರೆ?

ಆದ್ದರಿಂದ ಅರ್ಧ-ಅರ್ಧ ಬಿಡಿ. ಮೊದಲ ಸೆಮಿಸ್ಟರಿನಿಂದಲೇ ಎರಡೂ ಕಡೆಯ ಮೇಷ್ಟ್ರು ಒಂದೇ ಲ್ಯಾಬಿನಲ್ಲಿ ನಿಲ್ಲಲಿ. ಸಿ ಬೇಡ, ಪೈಥಾನ್ ಮತ್ತು ಲಿನಕ್ಸ್ ಸಾಕು. ನೀವು ಕೇಳದೇ ಇರುವ ಸ್ಟ್ಯಾಟಿಸ್ಟಿಕ್ಸ್‌ಗೆ ಜಾಸ್ತಿ ಜಾಗ ಕೊಡಿ. 20,000 ಜೀನ್‌ಗಳನ್ನು 0.05ರ ಮಿತಿಯಲ್ಲಿ, ಅಂದರೆ ನೂರಕ್ಕೆ ಐದು ಸಲ ಆಕಸ್ಮಿಕಕ್ಕೆ ಬಿಟ್ಟು, ಪರೀಕ್ಷಿಸಿದರೆ, ನಿಜವಾದ ವ್ಯತ್ಯಾಸ ಏನೂ ಇಲ್ಲದಿದ್ದರೂ ಸುಮಾರು 1,000 ಸುಮ್ನೆ 'ಸಿಗ್ನಿಫಿಕೆಂಟ್' ಆಗುತ್ತವೆ. ಇದು ತಿಳಿಯದವರಿಗೆ ಡಿಗ್ರಿ ಕೊಡಬಾರದು, ಅದು ನನ್ನ ಹಠ.

ವೆಬ್‌ಸೈಟಿನಲ್ಲಿ ಬಟನ್ ಒತ್ತಿಸುವ ಪ್ರಾಕ್ಟಿಕಲ್ ಕಡಿಮೆ ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು, ನೆಟ್ಟು ಯಾವಾಗ ಹೋಗುತ್ತೋ ಹೇಳಕ್ಕಾಗಲ್ಲ. ಸೀಕ್ವೆನ್ಸುಗಳನ್ನು ಹೋಲಿಸುವ ಬ್ಲಾಸ್ಟ್ ಪ್ರೋಗ್ರಾಮನ್ನು ಲ್ಯಾಬಿನ ಮೆಷಿನ್ನಿಗೇ ಹಾಕಿ, ಡೇಟಾ ಬೇಸಿಗೆಯಲ್ಲೇ ಇಳಿಸಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ರೆಕಾರ್ಡ್ ಬುಕ್ಕಿನ ಪ್ರಯೋಗ ಬೇಡ, ಹಿಂದೆ ನೋಡದ ಫೈಲೊಂದನ್ನು ಕೊಡಿ. ಸಿಲಬಸ್ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್ ಮೀಟಿಂಗಿನಲ್ಲಿ ಇದಕ್ಕೇ ಜಾಸ್ತಿ ಜಗಳ ಆಗುತ್ತೆ, ತಯಾರಾಗಿ ಹೋಗಿ.