ಓದುಗರ ಪ್ರಶ್ನೆ: ಧರ್ಮಗಳ ಅಧ್ಯಯನ, ಶಾಲಾ ಪಾಠ ಮತ್ತು ಸಂಶೋಧನೆ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ, ಇತಿಹಾಸದಲ್ಲಿ ಎಂ.ಎ. ಮತ್ತು ಬಿ.ಇಡಿ. ಮಾಡಿದ್ದೇನೆ. ಧರ್ಮಗಳ ಕುರಿತ ಪಾಠ ಬಂದಾಗ ಮಕ್ಕಳ ಪ್ರಶ್ನೆಗಳಿಗೆ ಎಷ್ಟರಮಟ್ಟಿಗೆ ಉತ್ತರಿಸಬಹುದೆಂಬ ಅಳುಕು ಕಾಡುತ್ತದೆ. ಇದೇ ವಿಷಯದಲ್ಲಿ ಸಂಶೋಧನೆ ಮಾಡುವ ಆಸೆಯೂ ಇದೆ. ಕೆಲಸ ಬಿಡದೆ ಇದು ಸಾಧ್ಯವೇ?

ಉತ್ತರ: ಮೊದಲು ನಿಮ್ಮ ಅಳುಕಿನ ವಿಚಾರ. ಸಂವಿಧಾನದ 28ನೇ ವಿಧಿಯು ಸಂಪೂರ್ಣವಾಗಿ ಸರ್ಕಾರದ ಹಣದಿಂದಲೇ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಆದರೆ ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂಬ ವ್ಯತ್ಯಾಸವನ್ನು 1964-66ರ ಶಿಕ್ಷಣ ಆಯೋಗವಾದ ಕೊಠಾರಿ ಆಯೋಗವೇ ಗುರುತಿಸಿತ್ತು. 2002ರಲ್ಲಿ, ಶಾಲಾ ಪಠ್ಯಕ್ರಮದ ಚೌಕಟ್ಟನ್ನು ಪ್ರಶ್ನಿಸಿದ್ದ ಅರುಣಾ ರಾಯ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಧರ್ಮಗಳ ಕುರಿತ ಅಧ್ಯಯನಕ್ಕೆ ಈ ವಿಧಿ ಅಡ್ಡಿಯಲ್ಲವೆಂದು ಹೇಳಿತು. ಆದ್ದರಿಂದ ಮಕ್ಕಳ ಪ್ರಶ್ನೆಗೆ ನೀವು ಹೆದರಬೇಕಿಲ್ಲ. ಯಾವ ನಂಬಿಕೆ ಸರಿ ಎಂದು ತೀರ್ಪು ಕೊಡದೆ, ಆಯಾ ಸಮುದಾಯದವರು ಏನನ್ನು ನಂಬುತ್ತಾರೆ, ಅದು ಚರಿತ್ರೆಯಲ್ಲಿ ಹೇಗೆ ಬೆಳೆದು ಬಂತು ಎಂಬುದನ್ನು ಆಧಾರಸಹಿತವಾಗಿ ಹೇಳಿದರೆ ಸಾಕು.

ಸಂಶೋಧನೆಯೂ ಸಾಧ್ಯ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿ ಅರೆಕಾಲಿಕ ಸಂಶೋಧನೆಗೆ ಅವಕಾಶ ಕೊಟ್ಟಿದೆ. ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಮೀಸಲಾತಿ ವರ್ಗದವರಿಗೆ ಶೇ. 5ರ ರಿಯಾಯಿತಿ ಇದೆ. ಕರ್ತವ್ಯದ ನಡುವೆ ಅಧ್ಯಯನಕ್ಕೆ ಸಮಯ ಸಿಗುತ್ತದೆ, ಅಗತ್ಯಬಿದ್ದರೆ ಕೋರ್ಸ್‌ವರ್ಕ್ (ಪಿಎಚ್.ಡಿ.ಯ ಆರಂಭದ ತರಗತಿ ಪಾಠಗಳು) ಮುಗಿಸಲು ಬಿಡುಗಡೆ ಮಾಡಲಾಗುತ್ತದೆ ಎಂದು ಇಲಾಖೆ ನೀಡುವ ನಿರಾಕ್ಷೇಪಣಾ ಪತ್ರ ಕಡ್ಡಾಯವಾದ್ದರಿಂದ ಮೊದಲ ಅರ್ಜಿಯನ್ನು ಅಲ್ಲಿಗೇ ಹಾಕಿ. ದೂರಶಿಕ್ಷಣದ ಮೂಲಕ ಪಿಎಚ್.ಡಿ. ಕೊಡಿಸುತ್ತೇವೆ ಎನ್ನುವವರ ಮಾತನ್ನು ದಯವಿಟ್ಟು ನಂಬಬೇಡಿ. ನಿಯಮ ಅದಕ್ಕೆ ಒಪ್ಪುವುದಿಲ್ಲ.

ಧರ್ಮಾಧ್ಯಯನ ಎಂಬ ಹೆಸರಿನ ವಿಭಾಗವನ್ನೇ ಹುಡುಕುತ್ತ ಕೂರುವುದಕ್ಕಿಂತ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಮಾರ್ಗದರ್ಶಕರನ್ನು ಕಂಡು, ಶಿಕ್ಷಣಶಾಸ್ತ್ರದವರೊಬ್ಬರನ್ನು ಸಹಮಾರ್ಗದರ್ಶಕರನ್ನಾಗಿ ಕೇಳುವುದು ನಿಮಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಪ್ರಶ್ನೆ ಹುಟ್ಟಿದ್ದು ತರಗತಿಯಲ್ಲಿ. ಅದಕ್ಕೆ ಬೇಕಾದ ಆಕರ ನಿಮ್ಮ ಸುತ್ತಲೇ ಇದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವನ್ನು ಓದಿ: ನಾಲ್ಕು ವೇದ, ಪಾಣಿನೀಯ ಮತ್ತು ಶಾಕಟಾಯನ ವ್ಯಾಕರಣ, ನ್ಯಾಯ, ಸಾಂಖ್ಯ, ಬೌದ್ಧ ದರ್ಶನಗಳನ್ನೆಲ್ಲ ಒಂದೇ ಕಡೆ ಅಭ್ಯಾಸ ಮಾಡುತ್ತಿದ್ದರೆಂದು ಅದು ಹೇಳುತ್ತದೆ, ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿದ್ದುದನ್ನೂ ಸೇರಿಸುತ್ತದೆ. ಶೈವ ಮಠವೊಂದರಲ್ಲಿ ಬೌದ್ಧ ದರ್ಶನವನ್ನು ಏಕೆ ಓದುತ್ತಿದ್ದರು ಎಂಬ ಒಂದೇ ಪ್ರಶ್ನೆ ಹತ್ತನೇ ತರಗತಿಯ ಮಕ್ಕಳನ್ನು ಯೋಚನೆಗೆ ಹಚ್ಚಬಲ್ಲದು. ಶಿಕಾರಿಪುರದ ಶಾಸನಗಳು 1902ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಮಾಲೆಯ ಏಳನೇ ಸಂಪುಟದಲ್ಲಿವೆ. ಹೊಸನಗರ ತಾಲ್ಲೂಕಿನ ಹೊಂಬುಜದ ಜೈನ ಬಸದಿಗಳು, ಸಾಗರದ ಬಳಿಯ ಕೆಳದಿಯ ವಸ್ತುಸಂಗ್ರಹಾಲಯದ ತಾಳೆಗರಿಗಳು ಕೂಡ ದೂರವಿಲ್ಲ. ಇಂತಹ ಸ್ಥಳೀಯ ಆಕರಗಳಿಂದ ಪಾಠ ಕಟ್ಟಿದಾಗ ಮಕ್ಕಳ ತಿಳಿವಳಿಕೆ ಹೇಗೆ ಬದಲಾಗುತ್ತದೆ ಎಂಬುದನ್ನು ನಾಲ್ಕೈದು ಶಾಲೆಗಳಿಗೆ ಸೀಮಿತಗೊಳಿಸಿ ಅಧ್ಯಯನ ಮಾಡಿ. ‘ಮಲೆನಾಡಿನ ಧರ್ಮಗಳು’ ಎಂಬಂತಹ ವಿಷಯ ಮಾತ್ರ ಬೇಡ. ಅದು ಒಬ್ಬರಿಂದ ಮುಗಿಯುವಂಥದ್ದಲ್ಲ.

ತರಬೇತಿಯ ಬಗ್ಗೆ ಒಂದು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯ ಅವಕಾಶವಿರಬೇಕೆಂದು ಹೇಳುತ್ತದೆ. ಶಿವಮೊಗ್ಗದ ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇಂತಹ ಪಾಠಗಳ ಕುರಿತು ಕಾರ್ಯಾಗಾರ ನಡೆಸುವಂತೆ ನೀವು ಮತ್ತು ನಿಮ್ಮ ಸಹೋದ್ಯೋಗಿಗಳು ಲಿಖಿತವಾಗಿ ಕೇಳಿ.

ಪ್ರಶ್ನೆ: ಭದ್ರಾವತಿಯ ಪದವಿ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕನಾಗಿದ್ದೇನೆ. ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪರೀಕ್ಷೆಯನ್ನು ಧರ್ಮಗಳ ತುಲನಾತ್ಮಕ ಅಧ್ಯಯನ ವಿಷಯದಲ್ಲಿ ಬರೆಯಬಹುದೇ?

ಉತ್ತರ: ಆ ವಿಷಯ ನೆಟ್‌ನಲ್ಲಿ ಇದೆ. ಆದರೆ ಸ್ನಾತಕೋತ್ತರ ಪದವಿಯ ವಿಷಯದಲ್ಲೇ ಪರೀಕ್ಷೆ ಬರೆಯಬೇಕೆಂಬುದು ಸಾಮಾನ್ಯ ನಿಯಮವಾದ್ದರಿಂದ ನೀವು ಇತಿಹಾಸವನ್ನೇ ಆರಿಸಿಕೊಳ್ಳಿ. ಕಾಲೇಜು ಅಧ್ಯಾಪಕರಿಗಾಗಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕಾರ್ಯಕ್ರಮದ ರಿಫ್ರೆಶರ್ ಕೋರ್ಸುಗಳಿವೆ.  ಅರ್ಜಿ ಹಾಕುವ ಮುನ್ನ ಆ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಿಕೊಳ್ಳಿ.