ಲ್ಯಾಪ್‌ಟಾಪ್‌ನ ರಿಕವರಿ ಪಾರ್ಟಿಷನ್ ಅಳಿಸಿ ಜಾಗ ಮಾಡಿಕೊಳ್ಳಬಹುದಾ?

ದಯವಿಟ್ಟು ಬೇಡ. ಅದು ವಿಂಡೋಸ್ ಕೆಟ್ಟಾಗ ಸರಿಮಾಡಲು ಅಂತ ಡಿಸ್ಕ್‌ನಲ್ಲಿ ಬೇರೆಯಾಗಿ ಇಟ್ಟ ಭಾಗ. ಡಿಸ್ಕ್‌ನ ಭಾಗಗಳನ್ನು ತೋರಿಸುವ ವಿಂಡೋಸ್‌ನ 'ಡಿಸ್ಕ್ ಮ್ಯಾನೇಜ್‌ಮೆಂಟ್‌'ನಲ್ಲಿ ಸಿ, ಡಿ ಥರದ ಡ್ರೈವ್ ಅಕ್ಷರವೇ ಇಲ್ಲದೆ 'ರಿಕವರಿ' ಅಂತ ಕಾಣುತ್ತದಲ್ವಾ, 1 ಜಿಬಿ ಆಸುಪಾಸಿನದು ವಿಂಡೋಸ್ ರಿಪೇರಿಗೆ. 10–20 ಜಿಬಿ ಇದ್ದರೆ ಸಾಮಾನ್ಯವಾಗಿ ಕಂಪನಿಯವರೇ ಇಟ್ಟ ಫ್ಯಾಕ್ಟರಿ ಪ್ರತಿ. ವಿಂಡೋಸ್, ಡ್ರೈವರ್ (ವೈಫೈ, ಸೌಂಡ್ ಥರದ ಭಾಗಗಳನ್ನು ನಡೆಸುವ ಸಾಫ್ಟ್‌ವೇರ್) ಎಲ್ಲ ಅದರಲ್ಲೇ ಇರುತ್ತವೆ. ನೀವು ಮಲೆನಾಡಿನ ಹೊಸನಗರದ ಕಡೆಯವರು ಅಂದಿರಿ. ಮಳೆಗಾಲದಲ್ಲಿ ಕರೆಂಟಿನ ಜೊತೆ ಟವರೂ ಹೋಗುವ ಕಡೆ ಹೊಸದಾಗಿ ವಿಂಡೋಸ್ ಡೌನ್‌ಲೋಡ್ ಮಾಡುವುದು ಸುಮ್ನೆ ಅಲ್ಲ.

ಹಾಗಂತ ಅದೊಂದನ್ನೇ ನಂಬಬೇಡಿ. ಡಿಸ್ಕ್ ಕೆಟ್ಟರೆ ಅದೂ ಹೋಯಿತು. ಸರ್ಚ್‌ನಲ್ಲಿ 'ಕ್ರಿಯೇಟ್ ಎ ರಿಕವರಿ ಡ್ರೈವ್' ಹುಡುಕಿ, ಸಿಸ್ಟಮ್ ಫೈಲ್ ಬ್ಯಾಕಪ್‌ಗೆ ಟಿಕ್ ಹಾಕಿ, 32 ಜಿಬಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿಯದೇ ಇರಲಿ. ನಿಮ್ಮ ಫೋಟೊ, ಅಡಿಕೆ ಲೆಕ್ಕ ಇದರಲ್ಲಿ ಸೇರುವುದಿಲ್ಲ. ಬೇರೆ ಕಾಪಿ ಮಾಡಿಡಿ. ಫಾರ್ಮ್ಯಾಟ್‌ಗೆ ಅಂಗಡಿಗೆ ಕೊಡುವಾಗ 'ರಿಕವರಿ ಮುಟ್ಟಬೇಡಿ' ಅಂತ ಮೊದಲೇ ಹೇಳಿ.